ಕಂಪನಿಯ ಡ್ರೈವರ್ ಇಲ್ಲದೆ ಮನೆಯ ಜಾಲಕ್ಕೆ ಪ್ರಿಂಟರ್ ಜೋಡಿಸುವ ಬಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಗ್ರಾಮಗಳಲ್ಲಿ ಕುಟುಂಬಕ್ಕೆ ಬೇಕಾದ ದಾಖಲೆಗಳಲ್ಲಿ ಬಹಳಷ್ಟು ಇಂದು ಮೊಬೈಲಿಗೇ ಬರುತ್ತಿವೆ. ಭೂಮಿ ಜಾಲತಾಣದ ಪಹಣಿ, ಸೇವಾ ಸಿಂಧುವಿನಲ್ಲಿ ಸಲ್ಲಿಸಿದ ಅರ್ಜಿಯ ಸ್ವೀಕೃತಿ, ಪರೀಕ್ಷೆಯ ಪ್ರವೇಶಪತ್ರ, ಬೆಳೆ ವಿಮೆಯ ರಸೀದಿ, ಆಧಾರ್ ಇವೆಲ್ಲವೂ ಪಿಡಿಎಫ್ ಕಡತಗಳಾಗಿ ಕೈಯಲ್ಲೇ ಇರುತ್ತವೆ. ಆದರೆ ಬ್ಯಾಂಕಿನ ಕಿಟಕಿಯಲ್ಲೋ ಶಾಲೆಯ ಕಚೇರಿಯಲ್ಲೋ ಸಹಕಾರ ಸಂಘದಲ್ಲೋ ಕಾಗದವನ್ನೇ ಕೇಳುವ ಸಂದರ್ಭಗಳು ಇನ್ನೂ ಉಳಿದಿವೆ. ಒಂದು ಹಾಳೆಗಾಗಿ ಬಸ್ಸು ಹತ್ತಿ ತಾಲ್ಲೂಕು ಕೇಂದ್ರಕ್ಕೆ ಹೋಗುವುದರಲ್ಲಿ ಅರ್ಧ ದಿನದ ದುಡಿಮೆ ಹೋಗುತ್ತದೆ. ಅದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಝೆರಾಕ್ಸ್ ಅಂಗಡಿಯ ವಾಟ್ಸ್‌ಆ್ಯಪ್ ಸಂಖ್ಯೆಗೆ ಕಳುಹಿಸಿದ ಆಧಾರ್, ಪಾಸ್‌ಬುಕ್ ಮತ್ತು ಪಹಣಿಯ ಪ್ರತಿಗಳು, ಮುದ್ರಣವಾದ ಮೇಲೂ ಯಾರೂ ಅಳಿಸದ ಹೊರತು ಆ ಮೊಬೈಲಿನಲ್ಲಿಯೇ ಉಳಿಯುತ್ತವೆ. ಈ ಎರಡು ಕಾರಣಗಳಿಂದ ಮನೆಗೊಂದು, ಇಲ್ಲವೇ ಸ್ವಸಹಾಯ ಸಂಘಕ್ಕೊಂದು ಸಣ್ಣ ಪ್ರಿಂಟರ್ ಕೊಳ್ಳುವ ವಿಚಾರ ಅನೇಕರಲ್ಲಿ ಇದೆ.

ಕೊಂಡ ಮೇಲೆ ತೊಡಕು ಆರಂಭವಾಗುತ್ತದೆ. ಪೆಟ್ಟಿಗೆಯಲ್ಲಿ ಒಂದು ಸಿಡಿ ಬರುತ್ತದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಸ್ಥಳವೇ ಇರುವುದಿಲ್ಲ. ಸಿಡಿಯೂ ಇಲ್ಲದಿದ್ದರೆ ಕಂಪನಿಯ ಜಾಲತಾಣದಿಂದ ನೂರಾರು ಮೆಗಾಬೈಟ್‌ಗಳ ತಂತ್ರಾಂಶವನ್ನು ಇಳಿಸಿಕೊಳ್ಳುವಂತೆ ಸೂಚನೆ ಇರುತ್ತದೆ. ಮನೆಯಲ್ಲಿ ಗಣಕಯಂತ್ರವೇ ಇಲ್ಲದೆ ಮೊಬೈಲ್ ಮಾತ್ರ ಇದ್ದರೆ ಮುಂದಿನ ದಾರಿ ತೋಚುವುದಿಲ್ಲ. ಹಳೆಯ ಪ್ರಿಂಟರ್ ಆದರೆ, ಹೊಸ ವಿಂಡೋಸ್‌ಗೆ ಡ್ರೈವರ್ ಸಿಗುವುದಿಲ್ಲವೆಂಬ ಒಂದೇ ಕಾರಣಕ್ಕೆ ಸುಸ್ಥಿತಿಯ ಯಂತ್ರವೂ ಅಟ್ಟ ಸೇರುತ್ತದೆ. ವಾಸ್ತವದಲ್ಲಿ ಕಳೆದ ಸುಮಾರು ಹತ್ತು ವರ್ಷಗಳಲ್ಲಿ ತಯಾರಾದ ಜಾಲ ಪ್ರಿಂಟರ್‌ಗಳಲ್ಲಿ ಹೆಚ್ಚಿನವಕ್ಕೆ ಕಂಪನಿಯ ಡ್ರೈವರಿನ ಅಗತ್ಯವೇ ಇಲ್ಲ. ಈ ಸಂಗತಿ ಪೆಟ್ಟಿಗೆಯ ಮೇಲೆ ಸಣ್ಣ ಗುರುತಿನ ರೂಪದಲ್ಲಿ ಇರುತ್ತದೆಯೇ ಹೊರತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಡ್ರೈವರ್ ಎಂದರೇನು

ಪ್ರತಿಯೊಂದು ಕಂಪನಿಯ ಪ್ರಿಂಟರ್‌ಗೂ ಹಿಂದೆ ತನ್ನದೇ ಆದ ಸಂಕೇತಭಾಷೆ ಇತ್ತು. ಗಣಕಯಂತ್ರ ಸಿದ್ಧಪಡಿಸಿದ ಪುಟವನ್ನು ಆ ಭಾಷೆಗೆ ತಿರುಗಿಸಿ ಹೇಳುವ ತಂತ್ರಾಂಶವೇ ಡ್ರೈವರ್. ಇಬ್ಬರ ನಡುವೆ ನಿಂತ ದುಭಾಷಿ ಎನ್ನಬಹುದು. ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬರುವ ಮರಾಠಿ ಭಕ್ತರೊಡನೆ ಅಲ್ಲಿಯ ಅಂಗಡಿಕಾರರು ದುಭಾಷಿಯಿಲ್ಲದೆ ವ್ಯವಹರಿಸಬಲ್ಲರು, ಏಕೆಂದರೆ ಅವರಿಗೆ ಎರಡೂ ಭಾಷೆ ಬರುತ್ತವೆ. ಪ್ರಿಂಟರ್‌ಗೂ ಎಲ್ಲರಿಗೂ ತಿಳಿಯುವ ಒಂದು ಭಾಷೆಯನ್ನು ಕಲಿಸಿದರೆ ದುಭಾಷಿಗೆ ಕೆಲಸವಿರುವುದಿಲ್ಲ. ನಡೆದದ್ದು ಅದೇ.

ಅಂತರ್ಜಾಲ ಮುದ್ರಣ ನಿಯಮಾವಳಿ, ಅಂದರೆ ಐಪಿಪಿ, 1999ರಲ್ಲಿಯೇ ಪ್ರಕಟವಾಗಿತ್ತು. ಪ್ರಿಂಟರಿನ ಬಳಿ ಯಾವ ಅಳತೆಯ ಕಾಗದವಿದೆ, ಬಣ್ಣದ ಮುದ್ರಣ ಸಾಧ್ಯವೇ, ಹಾಳೆಯ ಎರಡೂ ಬದಿಗೆ ಮುದ್ರಿಸಬಲ್ಲುದೇ ಎಂಬುದನ್ನು ಜಾಲದ ಮೂಲಕ ಅದನ್ನೇ ಕೇಳಿ ತಿಳಿಯುವ ಕ್ರಮವನ್ನು ಈ ನಿಯಮಾವಳಿ ನಿಗದಿಪಡಿಸಿತು. ಪುಟದ ಚಿತ್ರವನ್ನು ಯಾವ ರೂಪದಲ್ಲಿ ಕಳುಹಿಸಬೇಕೆಂಬುದರಲ್ಲಿ ಮಾತ್ರ ಒಮ್ಮತ ಇರಲಿಲ್ಲ. 2010ರ ನವೆಂಬರಿನಲ್ಲಿ ಆ್ಯಪಲ್ ಸಂಸ್ಥೆ ತನ್ನ ಮೊಬೈಲುಗಳಿಗಾಗಿ ಏರ್‌ಪ್ರಿಂಟ್ ಎಂಬ ವ್ಯವಸ್ಥೆಯನ್ನು ತಂದಿತು. ಮೊಬೈಲಿನಲ್ಲಿ ಸಾವಿರಾರು ಮಾದರಿಗಳ ಡ್ರೈವರ್‌ಗಳನ್ನು ತುಂಬಲಾಗದು. ಆದ್ದರಿಂದ ಪ್ರಿಂಟರ್‌ಗಳೇ ಬದಲಾಗಬೇಕಾಯಿತು. 2013ರಲ್ಲಿ ಪ್ರಿಂಟರ್ ವರ್ಕಿಂಗ್ ಗ್ರೂಪ್ ಎಂಬ ಉದ್ಯಮ ಒಕ್ಕೂಟವು ಐಪಿಪಿ ಎವ್ರಿವೇರ್ ಎಂಬ ಮಾನಕವನ್ನು ಅಂಗೀಕರಿಸಿತು. ಅದೇ ವರ್ಷ ಕೆನಾನ್, ಎಚ್‌ಪಿ, ಸ್ಯಾಮ್‌ಸಂಗ್ ಮತ್ತು ಝೆರಾಕ್ಸ್ ಕಂಪನಿಗಳು ಸೇರಿ ಮೋಪ್ರಿಯಾ ಒಕ್ಕೂಟವನ್ನು ಕಟ್ಟಿದವು. 2017ರ ಆಂಡ್ರಾಯ್ಡ್ 8ರಿಂದ ಮೋಪ್ರಿಯಾ ಆಧಾರಿತ ಮುದ್ರಣ ಸೇವೆ ಮೊಬೈಲಿನಲ್ಲಿಯೇ ಸೇರಿ ಬರತೊಡಗಿತು. ವಿಂಡೋಸ್ 10ರ 21ಎಚ್2 ಆವೃತ್ತಿಯಿಂದ ಮುಂದೆ, ಮೋಪ್ರಿಯಾ ಮಾನ್ಯತೆಯ ಎಲ್ಲ ಪ್ರಿಂಟರ್‌ಗಳಿಗೂ ಮೈಕ್ರೋಸಾಫ್ಟ್ ಐಪಿಪಿ ಕ್ಲಾಸ್ ಡ್ರೈವರ್ ಎಂಬ ಒಂದೇ ಸಾಮಾನ್ಯ ತಂತ್ರಾಂಶ ವಿಂಡೋಸ್‌ನೊಳಗೇ ಇದೆ. ಕಂಪನಿಗಳು ಒದಗಿಸುವ ಪ್ರತ್ಯೇಕ ಡ್ರೈವರ್‌ಗಳ ನಿರ್ವಹಣೆಯನ್ನು ಹಂತಹಂತವಾಗಿ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದೆ. ಇದರರ್ಥ ಈಗಿರುವ ಪ್ರಿಂಟರ್‌ಗಳು ಒಂದು ದಿನ ನಿಂತುಹೋಗುತ್ತವೆ ಎಂದಲ್ಲ. ಆದರೆ ಇನ್ನು ಮುಂದೆ ಕೊಳ್ಳುವವರು ಸಾಮಾನ್ಯ ಭಾಷೆ ಬಲ್ಲ ಯಂತ್ರವನ್ನೇ ಕೊಳ್ಳುವುದು ಯುಕ್ತ.

ಕೊಳ್ಳುವ ಮೊದಲು

ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ ಅಥವಾ ಮೋಪ್ರಿಯಾ, ಈ ಎರಡರಲ್ಲಿ ಒಂದು ಹೆಸರಾದರೂ ಇರಬೇಕು. ಏರ್‌ಪ್ರಿಂಟ್ ಎಂದಿದ್ದರೆ ಅದು ಐಫೋನ್ ಇರುವವರಿಗೆ ಮಾತ್ರವೆಂದು ಭಾವಿಸಬೇಕಾಗಿಲ್ಲ. ಅಂಥ ಯಂತ್ರಗಳು ಒಳಗೆ ಐಪಿಪಿಯನ್ನೇ ಬಳಸುವುದರಿಂದ ಲಿನಕ್ಸ್‌ನಲ್ಲೂ ಕೆಲಸ ಮಾಡುತ್ತವೆ. ಬಹುತೇಕ ಆಂಡ್ರಾಯ್ಡ್ ಮೊಬೈಲುಗಳಿಗೂ ಒದಗುತ್ತವೆ. ‘ವೈಫೈ’ ಎಂಬ ಒಂದೇ ಪದವನ್ನು ನಂಬಿ ಕೊಳ್ಳುವುದು ಸಾಲದು. ವೈಫೈ ಇದ್ದೂ ಕಂಪನಿಯ ಡ್ರೈವರನ್ನೇ ಬೇಡುವ ಹಳೆಯ ಮಾದರಿಗಳು ಅಂಗಡಿಗಳ ದಾಸ್ತಾನಿನಲ್ಲಿಯೂ ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಿಯೂ ಇವೆ. ‘ವೈಫೈ ಡೈರೆಕ್ಟ್’ ಸೌಲಭ್ಯ ಇದೆಯೇ ಎಂದು ವಿಚಾರಿಸುವುದೂ ಮುಖ್ಯ. ಬ್ರಾಡ್‌ಬ್ಯಾಂಡ್ ಇಲ್ಲದ ಮನೆಗೆ ಅದೇ ಆಧಾರ. ಮೊದಲ ಬಾರಿ ಚಾಲೂ ಮಾಡುವಾಗ ಕಡ್ಡಾಯವಾಗಿ ಅಂತರ್ಜಾಲ ಸಂಪರ್ಕವನ್ನೂ ಕಂಪನಿಯ ಖಾತೆಯನ್ನೂ ಕೇಳುವ ಮಾದರಿಗಳು ಇವೆ. ಸಂಪರ್ಕ ಆಗಾಗ ಕಡಿಯುವ ಊರುಗಳಲ್ಲಿ ಅವನ್ನು ಬಿಟ್ಟುಬಿಡುವುದು ಲೇಸು.

ಜಾಲಕ್ಕೆ ಸೇರಿಸುವುದು

ನಿಜವಾದ ಶ್ರಮ ಇರುವುದು ಈ ಹಂತದಲ್ಲಿ. ಮುದ್ರಣದ ಭಾಷೆ ಸರಳವಾಗಿದ್ದರೂ ಪ್ರಿಂಟರ್ ಮೊದಲು ಮನೆಯ ವೈಫೈಗೆ ಸೇರಬೇಕಲ್ಲ! ಪರದೆ ಇರುವ ಪ್ರಿಂಟರ್ ಆದರೆ ಅದರ ಮೆನುವಿನಲ್ಲಿ ವೈಫೈ ಹೆಸರನ್ನು ಆರಿಸಿ ಪಾಸ್‌ವರ್ಡ್ ಒತ್ತಿದರೆ ಮುಗಿಯಿತು. ಪರದೆ ಇಲ್ಲದ, ನಾಲ್ಕೈದು ಗುಂಡಿಗಳಷ್ಟೇ ಇರುವ ಯಂತ್ರಗಳಿಗೆ ಎರಡು ದಾರಿಗಳಿವೆ. ರೌಟರಿನ ಮೇಲೆ ಡಬ್ಲ್ಯುಪಿಎಸ್ ಎಂಬ ಗುಂಡಿ ಇದ್ದರೆ ಅದನ್ನು ಒತ್ತಿ, ಎರಡು ನಿಮಿಷದೊಳಗೆ ಪ್ರಿಂಟರಿನ ವೈಫೈ ಗುಂಡಿಯನ್ನು ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಒತ್ತಿ ಹಿಡಿಯತಕ್ಕದ್ದು. ಪಾಸ್‌ವರ್ಡ್ ಇಲ್ಲದೆಯೇ ಎರಡೂ ಪರಸ್ಪರ ಗುರುತಿಸಿಕೊಳ್ಳುತ್ತವೆ. ಆ ಗುಂಡಿ ಇಲ್ಲದಿದ್ದರೆ, ಪ್ರಿಂಟರ್ ತಾನೇ ಹೊರಡಿಸುವ ವೈಫೈ ಡೈರೆಕ್ಟ್ ಜಾಲಕ್ಕೆ ಮೊಬೈಲನ್ನು ಸೇರಿಸಬೇಕು. ಅದರ ಹೆಸರು ಸಾಮಾನ್ಯವಾಗಿ ‘ಡೈರೆಕ್ಟ್’ ಎಂದು ಆರಂಭವಾಗುತ್ತದೆ. ಆ ಬಳಿಕ ಮೊಬೈಲಿನ ಬ್ರೌಸರಿನಲ್ಲಿ ಪ್ರಿಂಟರಿನ ವಿಳಾಸವನ್ನು ಬರೆದರೆ ಅದರದೇ ಪುಟ ತೆರೆಯುತ್ತದೆ. ಮನೆಯ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನು ಅಲ್ಲಿ ತುಂಬಬಹುದು. ವಿಳಾಸ ಯಾವುದು ಎಂಬುದನ್ನು ಪ್ರಿಂಟರೇ ಹೇಳುತ್ತದೆ: ಬಹುತೇಕ ಯಂತ್ರಗಳಲ್ಲಿ ಮಾಹಿತಿ ಗುಂಡಿಯನ್ನು ಕೆಲ ಕ್ಷಣ ಒತ್ತಿ ಹಿಡಿದರೆ ಜಾಲದ ಹೆಸರು, ಪಾಸ್‌ವರ್ಡ್, ವಿಳಾಸ ಎಲ್ಲವನ್ನೂ ಒಂದು ಹಾಳೆಯ ಮೇಲೆ ಮುದ್ರಿಸಿ ಕೊಡುತ್ತದೆ. ಈ ಹಾಳೆಯನ್ನು ಎಸೆಯದೆ ಇಟ್ಟುಕೊಳ್ಳಬೇಕು.

ಇಲ್ಲಿ ಜನ ಹೆಚ್ಚಾಗಿ ಎಡವುವುದು ಒಂದು ಚಿಕ್ಕ ವಿಷಯದಲ್ಲಿ. ಮನೆಬಳಕೆಯ ಅನೇಕ ಪ್ರಿಂಟರ್‌ಗಳು 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಹಿಡಿಯುತ್ತವೆ. ಹೊಸ ಫೈಬರ್ ರೌಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಪ್ರಸಾರ ಮಾಡುತ್ತವೆ. ಪ್ರಿಂಟರ್ ತನ್ನ ಪಟ್ಟಿಯಲ್ಲಿ ಮನೆಯ ವೈಫೈ ಹೆಸರನ್ನೇ ತೋರಿಸದಿದ್ದರೆ ಯಂತ್ರ ಕೆಟ್ಟಿದೆಯೆಂದು ಅಂಗಡಿಗೆ ಹೊತ್ತೊಯ್ಯುವ ಮೊದಲು ರೌಟರಿನಲ್ಲಿ 2.4 ಗಿಗಾಹರ್ಟ್ಸ್ ಚಾಲೂ ಇದೆಯೇ ಎಂದು ನೋಡಬೇಕು. ಮೊಬೈಲ್ 5 ಗಿಗಾಹರ್ಟ್ಸ್‌ನಲ್ಲಿದ್ದು ಪ್ರಿಂಟರ್ 2.4ರಲ್ಲಿದ್ದರೂ ಅಡ್ಡಿಯಿಲ್ಲ, ರೌಟರ್ ಒಂದೇ ಆಗಿದ್ದರೆ ಸಾಕು. ಆದರೆ ‘ಗೆಸ್ಟ್’ ಎಂಬ ಅತಿಥಿ ಜಾಲಕ್ಕೆ ಎರಡರಲ್ಲಿ ಒಂದು ಸೇರಿದ್ದರೆ ಅವು ಪರಸ್ಪರ ಕಾಣುವುದಿಲ್ಲ, ಏಕೆಂದರೆ ಅತಿಥಿ ಜಾಲದ ಉದ್ದೇಶವೇ ಮನೆಯ ಸಾಧನಗಳನ್ನು ಅತಿಥಿಗಳಿಂದ ಮರೆಮಾಡುವುದು.

ಬ್ರಾಡ್‌ಬ್ಯಾಂಡ್ ಇಲ್ಲದ ಮನೆಗಳಲ್ಲಿ ವೈಫೈ ಡೈರೆಕ್ಟ್ ಜಾಲದಲ್ಲಿಯೇ ನೇರವಾಗಿ ಮುದ್ರಿಸಬಹುದು. ರೌಟರ್ ಬೇಕಿಲ್ಲ, ಅಂತರ್ಜಾಲವೂ ಬೇಕಿಲ್ಲ. ಪಹಣಿಯನ್ನಾಗಲಿ ಪ್ರವೇಶಪತ್ರವನ್ನಾಗಲಿ ಮೊದಲೇ ಮೊಬೈಲಿಗೆ ಇಳಿಸಿಕೊಂಡು, ಬಳಿಕ ಪ್ರಿಂಟರಿನ ಜಾಲಕ್ಕೆ ಸೇರಬೇಕು. ‘ಈ ಜಾಲದಲ್ಲಿ ಅಂತರ್ಜಾಲವಿಲ್ಲ’ ಎಂದು ಮೊಬೈಲ್ ಎಚ್ಚರಿಸಿ ಹೊರಬರಲು ಸೂಚಿಸುತ್ತದೆ. ಅದಕ್ಕೆ ಒಪ್ಪದೆ ಅಲ್ಲಿಯೇ ಉಳಿಯಬೇಕು. ಇನ್ನೊಂದು ಮೊಬೈಲಿನ ಹಾಟ್‌ಸ್ಪಾಟಿಗೆ ಪ್ರಿಂಟರನ್ನು ಸೇರಿಸುವ ರೂಢಿಯೂ ಇದೆ. ಹಾಟ್‌ಸ್ಪಾಟ್ ನೀಡುತ್ತಿರುವ ಮೊಬೈಲಿಗೆ ಕೆಲವೊಮ್ಮೆ ಪ್ರಿಂಟರ್ ಕಾಣಿಸದು, ಅದೇ ಹಾಟ್‌ಸ್ಪಾಟಿಗೆ ಸೇರಿದ ಮತ್ತೊಂದು ಸಾಧನಕ್ಕೆ ಕಾಣಿಸುತ್ತದೆ. ಇದು ದೋಷವಲ್ಲ, ಮೊಬೈಲಿನ ಸ್ವಭಾವ.

ಮುದ್ರಣ

ಒಮ್ಮೆ ಜಾಲ ಸೇರಿದರೆ ಉಳಿದ ಕೆಲಸ ಅಲ್ಪ. ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ‘ಪ್ರಿಂಟಿಂಗ್’ ಎಂದು ಹುಡುಕಿ, ‘ಡೀಫಾಲ್ಟ್ ಪ್ರಿಂಟ್ ಸರ್ವೀಸ್’ ಚಾಲೂ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಪಿಡಿಎಫ್ ತೆರೆದು ಮೂರು ಚುಕ್ಕೆಗಳ ಮೆನುವಿನಲ್ಲಿ ‘ಪ್ರಿಂಟ್’ ಒತ್ತಿದರೆ ಪ್ರಿಂಟರಿನ ಹೆಸರು ತಾನಾಗಿ ಬರುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ನ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ ಪುಟದಲ್ಲಿ ‘ಆ್ಯಡ್ ಡಿವೈಸ್’ ಒತ್ತಿ ಕಾಯಬೇಕು. ಪಟ್ಟಿಯಲ್ಲಿ ಬಾರದಿದ್ದರೆ ಕೈಯಾರೆ ಸೇರಿಸುವ ಆಯ್ಕೆಗೆ ಹೋಗಿ, ಸಾಧನದ ಬಗೆಯನ್ನು ‘ಐಪಿಪಿ ಡಿವೈಸ್’ ಎಂದು ಆರಿಸಿ, ಮಾಹಿತಿ ಹಾಳೆಯಲ್ಲಿರುವ ವಿಳಾಸವನ್ನು ಕೊಡಬೇಕು. ಉಬುಂಟು ಮುಂತಾದ ಲಿನಕ್ಸ್‌ಗಳಲ್ಲಿ 2017ರಿಂದ ಈಚೆಗೆ ಡ್ರೈವರ್‌ರಹಿತ ಮುದ್ರಣ ಸಿದ್ಧವಾಗಿಯೇ ಇರುವುದರಿಂದ ಅನೇಕ ವೇಳೆ ಏನನ್ನೂ ಮಾಡಬೇಕಾಗಿ ಬರುವುದಿಲ್ಲ.

ಮೊದಲ ಮುದ್ರಣಕ್ಕೆ ಮುನ್ನ ಕಾಗದದ ಅಳತೆಯನ್ನು ನೋಡತಕ್ಕದ್ದು. ಅಮೆರಿಕದ ರೂಢಿಯಂತೆ ‘ಲೆಟರ್’ ಎಂಬ ಅಳತೆ ಆಯ್ಕೆಯಾಗಿದ್ದರೆ, ತಟ್ಟೆಯಲ್ಲಿರುವ ಎ4 ಹಾಳೆಯನ್ನು ಒಪ್ಪದೆ ಪ್ರಿಂಟರ್ ದೀಪ ಮಿನುಗಿಸುತ್ತ ನಿಲ್ಲಬಹುದು. ಎ4 ಎಂದರೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಮೊಬೈಲಿನಲ್ಲಿಯೂ ಪ್ರಿಂಟರಿನ ಪುಟದಲ್ಲಿಯೂ ಅದನ್ನೇ ಇಡಬೇಕು. ಜಾಲತಾಣದಿಂದ ಇಳಿಸಿದ ಆಧಾರ್ ಕಡತಕ್ಕೆ ಪಾಸ್‌ವರ್ಡ್ ಇರುವುದರಿಂದ, ಅದನ್ನು ತೆರೆದು ಪಾಸ್‌ವರ್ಡ್ ಕೊಟ್ಟ ನಂತರವೇ ಮುದ್ರಣಕ್ಕೆ ಕಳುಹಿಸಬೇಕು. ಭೂಮಿ ಜಾಲತಾಣದಲ್ಲಿ ಉಚಿತವಾಗಿ ನೋಡಲು ಸಿಗುವ ಪಹಣಿ ಮಾಹಿತಿಗೆ ಮಾತ್ರ. ಬ್ಯಾಂಕಿಗೆ ಬೇಕಾಗುವುದು ಶುಲ್ಕ ಪಾವತಿಸಿ ಪಡೆದ ಡಿಜಿಟಲ್ ಸಹಿಯುಳ್ಳ ಪ್ರತಿ. ಮನೆಯಲ್ಲಿ ಎಷ್ಟೇ ಅಚ್ಚುಕಟ್ಟಾಗಿ ಮುದ್ರಿಸಿದರೂ ಮೊದಲನೆಯದು ಎರಡನೆಯದಾಗದು.

ಕರೆಂಟು ಹೋಗಿ ಬಂದ ಮೇಲೆ

ನಿನ್ನೆ ಸರಿಯಾಗಿದ್ದ ಪ್ರಿಂಟರ್ ಇಂದು ‘ಆಫ್‌ಲೈನ್’ ಎನ್ನುವುದು ಸಾಮಾನ್ಯ ದೂರು. ವಿದ್ಯುತ್ ಹೋಗಿ ಬಂದಾಗ ರೌಟರ್ ಮನೆಯ ಪ್ರತಿ ಸಾಧನಕ್ಕೂ ಹೊಸದಾಗಿ ವಿಳಾಸ ಹಂಚುತ್ತದೆ, 192.168.1.5 ಇದ್ದ ಪ್ರಿಂಟರ್ 192.168.1.8 ಆಗಬಹುದು. ಗಣಕಯಂತ್ರ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ರೌಟರಿನ ಪುಟದಲ್ಲಿ ‘ಅಡ್ರೆಸ್ ರಿಸರ್ವೇಷನ್’ ಎಂಬ ಸೌಲಭ್ಯದ ಮೂಲಕ ಪ್ರಿಂಟರ್‌ಗೆ ಒಂದು ವಿಳಾಸವನ್ನು ಕಾಯಂ ಮಾಡಿದರೆ ಈ ತೊಂದರೆ ಮತ್ತೆ ಬರುವುದಿಲ್ಲ. ಅದು ಆಗುವವರೆಗೆ, ಮೊದಲು ರೌಟರ್, ಎರಡು ನಿಮಿಷ ಬಿಟ್ಟು ಪ್ರಿಂಟರ್ ಎಂಬ ಕ್ರಮದಲ್ಲಿ ಚಾಲೂ ಮಾಡಿದರೆ ಬಹುಪಾಲು ಸಲ ಸರಿಹೋಗುತ್ತದೆ.

ಹಳೆಯ ಯಂತ್ರಗಳು

ಯುಎಸ್‌ಬಿ ತಂತಿಯಷ್ಟೇ ಇರುವ ಹಳೆಯ ಪ್ರಿಂಟರನ್ನೂ ಜಾಲಕ್ಕೆ ತರಬಹುದು. ವಿಂಡೋಸ್‌ನ ಹೊಸ ಆವೃತ್ತಿ ನಡೆಯದ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಪ್ರಿಂಟರನ್ನು ಅದಕ್ಕೆ ಜೋಡಿಸಿದರೆ, ಕಪ್ಸ್ ಎಂಬ ಮುಕ್ತ ತಂತ್ರಾಂಶವು ಅದನ್ನು ಐಪಿಪಿ ಪ್ರಿಂಟರಿನಂತೆ ಮನೆಯ ಜಾಲಕ್ಕೆಲ್ಲ ತೋರಿಸುತ್ತದೆ. ಡ್ರೈವರ್ ಬೇಕಾಗುವುದು ಆ ಒಂದು ಲ್ಯಾಪ್‌ಟಾಪಿಗೆ ಮಾತ್ರ, ಅದೂ ಗುಟೆನ್‌ಪ್ರಿಂಟ್‌ನಂಥ ಮುಕ್ತ ಸಂಗ್ರಹಗಳಲ್ಲಿ ಬಹುಮಟ್ಟಿಗೆ ಸಿಗುತ್ತದೆ. ಮೊಬೈಲುಗಳಿಗೆ ಏನೂ ಬೇಡ. ಕಡಿಮೆ ಬೆಲೆಯ ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳು ಪುಟದ ಲೆಕ್ಕಾಚಾರವನ್ನೆಲ್ಲ ಗಣಕಯಂತ್ರಕ್ಕೇ ಬಿಟ್ಟು, ಕಂಪನಿಯ ಗುಟ್ಟಿನ ಭಾಷೆಯನ್ನಷ್ಟೇ ಕೇಳುತ್ತವೆ. ಅಂಥವುಗಳ ಮುಂದೆ ಈ ಉಪಾಯ ಕೆಲವೊಮ್ಮೆ ಸೋಲುತ್ತದೆ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಯಂತ್ರಕ್ಕೆ ಹಣ ಕೊಡುವ ಮೊದಲು, ಅದರ ಮಾದರಿ ಲಿನಕ್ಸ್‌ನಲ್ಲಿ ನಡೆಯುವುದೇ ಎಂದು ವಿಚಾರಿಸಬೇಕು. ವಿಂಡೋಸ್ 11ರಲ್ಲಿ ‘ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್’ ಎಂಬ ಆಯ್ಕೆ ಕಂಡರೆ, ಹಳೆಯ ಪ್ರಿಂಟರ್ ಬಳಸುವವರು ಅದನ್ನು ಮುಟ್ಟದಿರುವುದು ಒಳಿತು. ಅದನ್ನು ಚಾಲೂ ಮಾಡಿದರೆ ಕಂಪನಿಯ ಡ್ರೈವರನ್ನು ನೆಚ್ಚಿದ ಪ್ರಿಂಟರ್‌ಗಳೆಲ್ಲ ನಿಂತುಹೋಗುತ್ತವೆ.

ಕನ್ನಡ ಅಕ್ಷರಗಳು

ಡ್ರೈವರ್ ಹಾಕದಿದ್ದರೆ ಕನ್ನಡ ಸರಿಯಾಗಿ ಬರುವುದಿಲ್ಲವೆಂಬ ತಿಳಿವಳಿಕೆ ತಪ್ಪು. ಈ ವ್ಯವಸ್ಥೆಯಲ್ಲಿ ಪುಟ ಸಿದ್ಧವಾಗುವುದು ಮೊಬೈಲಿನಲ್ಲಿ ಅಥವಾ ಗಣಕಯಂತ್ರದಲ್ಲಿ. ಪ್ರಿಂಟರ್‌ಗೆ ಹೋಗುವುದು ಸಿದ್ಧಗೊಂಡ ಪುಟವೇ ಹೊರತು ಬಿಡಿ ಅಕ್ಷರಗಳಲ್ಲ. ಅದಕ್ಕೆ ಒತ್ತಕ್ಷರ ಯಾವುದು, ಚಿತ್ರ ಯಾವುದು ಎಂಬುದು ತಿಳಿಯಬೇಕಾಗಿಲ್ಲ. ಕನ್ನಡ ಕೆಡುವುದು ಬೇರೆ ಕಡೆಯಲ್ಲಿ. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಠರಾವು, ಮನವಿ, ನೋಟಿಸುಗಳ ವರ್ಡ್ ಕಡತವನ್ನು ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಕಂಡದ್ದೇ ಕಾಗದಕ್ಕೂ ಇಳಿಯುತ್ತದೆ. ಕಡತ ಸಿದ್ಧಪಡಿಸಿದ ಗಣಕಯಂತ್ರದಲ್ಲಿಯೇ ಅದನ್ನು ಪಿಡಿಎಫ್ ಆಗಿ ಉಳಿಸಿ ಕಳುಹಿಸಿದರೆ ಅಕ್ಷರದ ಆಕಾರಗಳು ಕಡತದೊಳಗೇ ಸೇರಿರುತ್ತವೆ, ಯಾವ ಊರಿನ ಯಾವ ಪ್ರಿಂಟರಿನಲ್ಲಾದರೂ ಹಾಗೆಯೇ ಬರುತ್ತವೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿದರೆ ಈ ತೊಡಕೇ ಹುಟ್ಟುವುದಿಲ್ಲ. ಸ್ವಸಹಾಯ ಸಂಘಗಳ ಲೆಕ್ಕಪತ್ರ ಬರೆಯುವವರು ಇದನ್ನು ಗಮನಿಸುವುದು ಅಗತ್ಯ.

ವಂಚನೆಯ ಬಗ್ಗೆ ಎಚ್ಚರಿಕೆ

ಡ್ರೈವರ್ ಹುಡುಕಾಟವೇ ವಂಚಕರ ಬಲೆಯಾಗಿದೆ. ಪ್ರಿಂಟರಿನ ಹೆಸರಿನೊಡನೆ ‘ಡ್ರೈವರ್’ ಎಂದೋ ‘ಸಹಾಯವಾಣಿ’ ಎಂದೋ ಅಂತರ್ಜಾಲದಲ್ಲಿ ಹುಡುಕಿದಾಗ ಕಂಪನಿಯ ಜಾಲತಾಣವನ್ನೇ ಹೋಲುವ ನಕಲಿ ಪುಟಗಳು ಎದುರಾಗುತ್ತವೆ. ಅಲ್ಲಿಯ ಸಂಖ್ಯೆಗೆ ಕರೆ ಮಾಡಿದರೆ, ದುರಸ್ತಿಯ ನೆಪದಲ್ಲಿ ಗಣಕಯಂತ್ರವನ್ನು ದೂರದಿಂದ ನಿಯಂತ್ರಿಸುವ ಆ್ಯಪ್ ಹಾಕಿಸಿ, ಬ್ಯಾಂಕ್ ಖಾತೆಗೆ ಕೈಹಾಕುತ್ತಾರೆ. ಸಾಮಾನ್ಯ ಭಾಷೆ ಬಲ್ಲ ಪ್ರಿಂಟರ್ ಇರುವವರು ಈ ಹುಡುಕಾಟಕ್ಕೇ ಹೋಗಬೇಕಾಗಿಲ್ಲ. ಪ್ರಿಂಟರ್ ದುರಸ್ತಿಗೆ ಒಟಿಪಿಯಾಗಲಿ, ಯುಪಿಐ ಪಿನ್ ಆಗಲಿ, ಪರದೆ ಹಂಚಿಕೆಯ ಆ್ಯಪ್ ಆಗಲಿ ಬೇಕಾಗಿಲ್ಲ. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸತಕ್ಕದ್ದು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಇದರ ಜೊತೆಗೆ, ಪ್ರಿಂಟರಿನ ಪುಟಕ್ಕೆ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೂ ವೈಫೈ ಡೈರೆಕ್ಟ್‌ನ ಪಾಸ್‌ವರ್ಡನ್ನೂ ಬದಲಿಸಬೇಕು. ಯಂತ್ರವನ್ನು ಮಾರುವಾಗ ಅಥವಾ ಬೇರೆಯವರಿಗೆ ಕೊಡುವಾಗ ಅದರಲ್ಲಿ ಉಳಿದ ಮನೆಯ ವೈಫೈ ವಿವರಗಳನ್ನು ‘ಫ್ಯಾಕ್ಟರಿ ರೀಸೆಟ್’ ಮೂಲಕ ಅಳಿಸುವುದು ಅವಶ್ಯ.

ವಿದ್ಯುತ್ ಮತ್ತು ಶಾಯಿ

ಲೇಸರ್ ಪ್ರಿಂಟರ್ ತನ್ನ ಉರುಳೆಯನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುವಾಗ ಒಮ್ಮೆಗೇ ಹೆಚ್ಚು ವಿದ್ಯುತ್ ಎಳೆಯುತ್ತದೆ. ಗಣಕಯಂತ್ರದ ಸಣ್ಣ ಯುಪಿಎಸ್‌ಗೆ ಅದನ್ನು ಜೋಡಿಸಬಾರದು. ಶಾಯಿಯ ಪ್ರಿಂಟರನ್ನು ಗೋಡೆಯ ಸ್ವಿಚ್ಚಿನಿಂದಲ್ಲದೆ ಅದರದೇ ಗುಂಡಿಯಿಂದ ಆರಿಸಿದರೆ ಮುದ್ರಣದ ತಲೆ ತನ್ನ ಮುಚ್ಚಳದ ಕೆಳಗೆ ಹೋಗಿ ನಿಲ್ಲುತ್ತದೆ, ಶಾಯಿ ಬೇಗ ಒಣಗುವುದಿಲ್ಲ. ಸವದತ್ತಿ ಮತ್ತು ರಾಮದುರ್ಗದ ಕಡೆಯ ಬೇಸಿಗೆಯ ಒಣಹವೆಯಲ್ಲಿ ವಾರಕ್ಕೊಮ್ಮೆಯಾದರೂ ಬಣ್ಣದ ಒಂದು ಪುಟವನ್ನು ಮುದ್ರಿಸಬೇಕು. ಬಳಕೆ ತಿಂಗಳಿಗೆ ಹತ್ತು ಹಾಳೆಯನ್ನು ಮೀರದ ಮನೆಗೆ ಕಪ್ಪು-ಬಿಳುಪಿನ ಲೇಸರ್ ಯಂತ್ರವೇ ಹೆಚ್ಚು ಅನುಕೂಲ, ಏಕೆಂದರೆ ಪುಡಿ ಒಣಗುವ ಪ್ರಶ್ನೆ ಬರುವುದಿಲ್ಲ.